ಗೋಸುಂಬೆಯ ಸಾಕ್ಷಿ

ಶುಕ್ರವಾರ ಎಣ್ಣೆನೀರಿಗೆ ಕೂರುವಾಗ ಸಾವಿತ್ರಮ್ಮ ಕಿವಿಯ ಕೆಂಪುಕಲ್ಲಿನ ಓಲೆಗಳನ್ನು ಬಿಚ್ಚಿ ಬಚ್ಚಲುಮನೆಯ ಗೂಡಿನಲ್ಲಿಟ್ಟಿದ್ದರು. ಸಂಜೆ ದೀಪ ಹಚ್ಚುವಾಗ ಕಿವಿ ಬರಿದಾಗಿರುವುದು ನೆನಪಾಗಿ ಹೋಗಿ ನೋಡಿದರೆ ಗೂಡಿನಲ್ಲಿ ಒಂದೇ ಓಲೆ ಇತ್ತು. ಬಚ್ಚಲ ಕಲ್ಲು ಎತ್ತಿಸಿದರು, ಒಲೆಯ ಬೂದಿಯನ್ನು ಜರಡಿ ಹಿಡಿದರು, ಹಿತ್ತಲ ಬಾಳೆಬುಡದ ಕೆಸರನ್ನು ಕೈಯಲ್ಲೇ ಬಗೆದರು. ಕಳ್ಳರಾಗಿದ್ದರೆ ಇನ್ನೊಂದನ್ನು ಏಕೆ ಬಿಟ್ಟುಹೋಗುತ್ತಿದ್ದರು, ಹೆಗ್ಗಣ ಎಳೆದಿರಬೇಕು ಎಂದು ಮಗಳು ಕಮಲಾಕ್ಷಿ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಗ್ಗಣವನ್ನು ನಿಲ್ಲಿಸಿ ಕೇಳಲಾಗುವುದಿಲ್ಲ, ಆಳುಗಳನ್ನು ಕೇಳಬಹುದು.

ಆ ದಿನ ಬಚ್ಚಲ ಕಡೆ ಸುಳಿದ ಹೊರಗಿನವರು ಮೂವರು. ಕೊಟ್ಟಿಗೆ ಬಾಚಿ ಹಂಡೆಗೆ ನೀರು ತುಂಬುವ ಗಿಡ್ಡಮ್ಮ, ದನ ನೋಡಿಕೊಳ್ಳುವ ಜವರಯ್ಯ, ತೆಂಗಿನಕಾಯಿ ಕೆಡವಲು ಬಂದಿದ್ದ ಕರಿಯಪ್ಪ. ಮೂವರೂ ತಾವಲ್ಲ ಎಂದರು. ಬಾಣಾವರಕ್ಕೆ ಒಂದು ಮೈಲಿ ದೂರದ ಆ ಊರಿನಲ್ಲಿ ಗೌಡರು ಎಂದರೆ ಸಾವಿತ್ರಮ್ಮನ ಗಂಡ ಕೃಷ್ಣಪ್ಪನವರೇ. ಅವರು ಪೊಲೀಸು ಗಿಲೀಸು ಎಂದು ಅರಸೀಕೆರೆಗೆ ಓಡುವವರಲ್ಲ. ಊರಿನ ಕಸ ಊರಲ್ಲೇ ಗುಡಿಸಬೇಕು ಎನ್ನುವವರು. ಗುಡಿಸುವುದು ಹೇಗೆಂದು ತೋಚದೆ ಜಗಲಿಯಲ್ಲಿ ಕುಳಿತಿದ್ದಾಗ ಜವರಯ್ಯನೇ ದಾರಿ ಹೇಳಿದ. ಗೋಸುಂಬೆಯ ಮುಂದೆ ನಿಲ್ಲಿಸಿ ಎಂದ. ಹೊಟ್ಟೆಯಲ್ಲಿ ಕಳವು ಇಟ್ಟುಕೊಂಡವರು ಎದುರಿಗೆ ಬಂದರೆ ಗೋಸುಂಬೆ ಕಪ್ಪಾಗುತ್ತದೆ. ತನ್ನ ಮುತ್ತಾತನ ಕಾಲದಲ್ಲಿ ಕಳುವಾಗಿದ್ದ ಎತ್ತಿನ ಗಂಟೆ ಹಾಗೇ ಸಿಕ್ಕಿತ್ತಂತೆ. ಗೋಸುಂಬೆಗಾಗಿ ಬೇಲಿ ಬೇಲಿ ಅಲೆಯಬೇಕಾಗಿಯೂ ಇರಲಿಲ್ಲ. ಅದು ಆ ಮನೆಯ ಹಿತ್ತಲಲ್ಲೇ ಇತ್ತು. ಕಮಲಾಕ್ಷಿ ಸಾಕಿದ್ದಳು.

ಕಮಲಾಕ್ಷಿಗೆ ಹದಿನೆಂಟು. ಅರಸೀಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಊರಿಗೆ ಬಂದು ಹತ್ತು ತಿಂಗಳಾಗಿತ್ತು. ಮುಂದೆ ಓದುವ ಮಾತು ತೆಗೆದಾಗಲೆಲ್ಲ ಹಳೇಬೀಡಿನ ಗಂಡಿನ ಮಾತು ಅಡ್ಡ ಬರುತ್ತಿತ್ತು. ಅವಳು ಬಂದ ವಾರವೇ ಜವರಯ್ಯ ಬೇಲಿ ಸವರುವಾಗ ಕೊಂಬೆಯೊಂದಿಗೆ ಈ ಪ್ರಾಣಿ ಕೆಳಗೆ ಬಿತ್ತು. ಅವನು ದೊಣ್ಣೆ ಎತ್ತಿದ. ಅವಳು ಅಡ್ಡ ನಿಂತು, ಕೊಂಬೆಯ ಸಮೇತ ಎತ್ತಿ ತಂದು, ಹಿತ್ತಲ ದಾಸವಾಳದ ಗಿಡಕ್ಕೆ ಬಿಟ್ಟಳು. ಒಂದು ಹೆಜ್ಜೆ ಇಡುವ ಮೊದಲು ನಾಲ್ಕು ಸಲ ಹಿಂದಕ್ಕೂ ಮುಂದಕ್ಕೂ ತೂಗುವ ಅದರ ನಡಿಗೆ ನೋಡಿ ತಾತ ಎಂದು ಹೆಸರಿಟ್ಟಳು.

ತಾತನನ್ನು ಅವಳು ಮೊದಲ ತಿಂಗಳಲ್ಲೇ ಕೊಂದುಹಾಕುವುದರಲ್ಲಿದ್ದಳು. ಬಿಸಿಲು ಕಂಡರೆ ಮೈಯೊಡ್ಡುವ ಪ್ರಾಣಿ, ಬಿಸಿಲು ಎಷ್ಟಿದ್ದರೂ ಒಳ್ಳೆಯದೇ ಎಂದುಕೊಂಡು ಒಂದು ದಿನ ಬಿದಿರು ಕುಕ್ಕೆಯಲ್ಲಿಟ್ಟು ಮುಚ್ಚಿ ಕಣದ ನಡುವೆ ಇಟ್ಟುಬಿಟ್ಟಳು. ವೈಶಾಖದ ಬಿಸಿಲು. ಊಟ ಮುಗಿಸಿ ಬಂದು ನೋಡಿದರೆ ತಾತ ಸುಣ್ಣದ ಬಣ್ಣಕ್ಕೆ ತಿರುಗಿ, ಬಾಯಿ ಅಗಲಿಸಿಕೊಂಡು, ಕಣ್ಣು ಮುಚ್ಚಿಕೊಂಡು ಕುಕ್ಕೆಯ ಅಡಿಯಲ್ಲಿ ಬಿದ್ದಿತ್ತು. ನೆರಳಿಗೆ ತಂದು, ಎಲೆಯ ಮೇಲೆ ನೀರು ಚಿಮುಕಿಸಿ, ಸಂಜೆಯವರೆಗೂ ಅದರ ಪಕ್ಕದಲ್ಲಿ ಕೂತಳು. ಬದುಕಿತು. ನಮ್ಮ ಮೈಯ ಹಾಗೆ ಅದರ ಮೈಯೊಳಗೆ ಒಲೆಯಿಲ್ಲ ಎಂಬುದು ಅವಳಿಗೆ ಅಂದು ಗೊತ್ತಾಯಿತು. ಕಾವನ್ನು ಅದು ಹೊರಗಿನಿಂದಲೇ ತೆಗೆದುಕೊಳ್ಳಬೇಕು, ಹೆಚ್ಚಾದರೆ ತಾನೇ ಎದ್ದು ನೆರಳಿಗೆ ಹೋಗಬೇಕು. ಬಿಸಿಲು ಕೊಟ್ಟು ನೆರಳು ಕೊಡದಿದ್ದರೆ ಅದು ಸಾಕಿದಂತಲ್ಲ, ಸುಟ್ಟಂತೆ.

ಅಲ್ಲಿಂದ ಅವಳು ಪ್ರತಿ ಬೆಳಗೂ ನೋಡಿದಳು. ನಿದ್ದೆಯಲ್ಲಿದ್ದಾಗ ಅದರ ಮೈ ಬಿಳಿಚಿಕೊಂಡಿರುತ್ತಿತ್ತು. ಎಚ್ಚರಾಗಿ, ಮೈ ತಣ್ಣಗಿದ್ದರೆ, ಗಳಿಗೆಯೊಳಗೆ ಕಪ್ಪಾಗುತ್ತಿತ್ತು. ಆಮೇಲೆ ಮೂಡಲಿಗೆ ಪಕ್ಕೆಯೊಡ್ಡಿ, ಒಣಹಾಕಿದ ಹಪ್ಪಳದಂತೆ ಚಪ್ಪಟೆಯಾಗಿ, ಅಲುಗದೆ ಕೂರುತ್ತಿತ್ತು. ಹುಬ್ಬಳ್ಳಿ ಕಡೆಯ ರೈಲು ಬಾಣಾವರ ಬಿಟ್ಟ ಸದ್ದು ಕೇಳುವ ಹೊತ್ತಿಗೆ ಕಪ್ಪು ಕಳೆದು ಕಂದು. ಇನ್ನೊಂದು ಗಂಟೆಗೆ ಎಲೆಹಸಿರು. ಆಗಷ್ಟೇ ನೊಣದ ಕಡೆಗೆ ನಾಲಿಗೆ ಹಾರಿಸುವ ಮನಸ್ಸು ಅದಕ್ಕೆ. ಮಳೆಗಾಲದ ಮೋಡದ ದಿನ ಮಧ್ಯಾಹ್ನವಾದರೂ ಕಪ್ಪಾಗಿಯೇ ಇರುತ್ತಿತ್ತು. ಮಾಗಿ ಬಂದಮೇಲೆ ರಾತ್ರಿ ಗೋಣಿ ಹೊದಿಸಿದ ಕುಕ್ಕೆಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಇಡತೊಡಗಿದಳು.

ಶನಿವಾರ ಬೆಳಕು ಹರಿಯುವಾಗ ಗೋಸುಂಬೆ ತಾ ಎಂದು ಅಪ್ಪ ಹೇಳಿದಾಗ ಕಮಲಾಕ್ಷಿಗೆ ಒಳಗೇ ನಗು ಬಂದಿತ್ತು. ತಾತನಿಗೆ ಓಲೆಯ ಗೊಡವೆಯೇ, ಇದೊಂದು ಆಟ ಎಂದುಕೊಂಡು ಗೋಣಿ ಸರಿಸಿ, ಕೊಂಬೆಯ ಸಮೇತ ತಂದು ಜಗಲಿಯ ಕಂಬಕ್ಕೆ ಒರಗಿಸಿದಳು. ಉಸಿರು ಬಿಟ್ಟರೆ ಹೊಗೆಯಾಡುವ ಚಳಿ. ಗಿಡ್ಡಮ್ಮ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದಳು. ಅಲ್ಲೇ ನಿಲ್ಲು ಎಂದರು ಗೌಡರು. ನಿಂತಳು. ತಾತ ಕಣ್ಣು ಬಿಟ್ಟು, ಒಂದು ಕಣ್ಣನ್ನು ಅವಳ ಕಡೆಗೂ ಇನ್ನೊಂದನ್ನು ಮೂಡಲ ಕಡೆಗೂ ತಿರುಗಿಸಿ, ಎಲ್ಲರೂ ನೋಡುನೋಡುತ್ತಿದ್ದಂತೆ ಕಪ್ಪಾಯಿತು. ಜವರಯ್ಯ ದನಗಳನ್ನು ಹೊಲದಲ್ಲಿ ಕಟ್ಟಿ ಬರುವಷ್ಟರಲ್ಲಿ ಬಿಸಿಲು ಜಗಲಿಗೆ ಬಿದ್ದಿತ್ತು. ಅವನಿಗೆ ತಾತ ಕಂದಾಗಿ ಕಂಡಿತು. ಕರಿಯಪ್ಪ ಹತ್ತು ಗಂಟೆಗೆ ಬಂದ. ಅವನ ಮುಂದೆ ತಾತ ಬಾಳೆಯ ಸುಳಿಯಷ್ಟು ಹಸಿರಾಗಿ ನಿರಾಳವಾಗಿತ್ತು.

ನೋಡಲು ನೆರೆದ ಆರೇಳು ಜನ ಗಿಡ್ಡಮ್ಮನ ಕಡೆ ತಿರುಗಿದರು. ನಾ ತೆಗ್ದಿಲ್ಲ ಎಂದು ಅವಳು ಎರಡು ಸಲ ಹೇಳಿದಳು. ಅಳಲಿಲ್ಲ, ಆಣೆ ಹಾಕಲಿಲ್ಲ. ಸೋಮವಾರ ಬೆಳಿಗ್ಗೆಯೊಳಗೆ ಓಲೆ ತಂದು ಕೊಡದಿದ್ದರೆ ಊರಿನ ಯಾವ ಮನೆಯೂ ಅವಳನ್ನು ಕೆಲಸಕ್ಕೆ ಕರೆಯಬಾರದು ಎಂದು ಗೌಡರು ಹೇಳಿದರು. ದಿನದ ಕೂಲಿಯಲ್ಲಿ ದಿನದ ಹಿಟ್ಟು ಕಾಣುವ ಹೆಂಗಸಿಗೆ ಅದು ಊರು ಬಿಡು ಎಂದಂತೆಯೇ.

ಕಮಲಾಕ್ಷಿಗೆ ಎಲ್ಲವೂ ಗೊತ್ತಿತ್ತು. ತಾತ ಕಪ್ಪಾದ ಗಳಿಗೆಯಲ್ಲೇ ಗೊತ್ತಿತ್ತು. ಎದುರಿಗೆ ದಾಸವಾಳ ಬಿಟ್ಟರೆ ಯಾರೂ ಇಲ್ಲದ ಎಷ್ಟೋ ಬೆಳಗುಗಳಲ್ಲಿ ಅದೇ ಕಪ್ಪನ್ನು ಅವಳು ನೋಡಿದ್ದಳು. ಜಗಲಿಯ ತುಂಬ ಗಂಡಸರು. ಅವಳು ಬಾಗಿಲ ಮರೆಯಲ್ಲಿ. ಅಪ್ಪನ ಕಣ್ಣು ಒಮ್ಮೆ ಅವಳ ಕಡೆ ಹೊರಳಿತು, ಅಷ್ಟೇ. ಬರಿ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ, ಸೋಮವಾರ ತೋರಿಸಿಯೇ ಹೇಳೋಣ ಎಂದು ತನಗೆ ತಾನೇ ಒಂದು ಸಮಾಧಾನ ಹೊಲಿದುಕೊಂಡಳು.

ಭಾನುವಾರ ಅವ್ವನಿಗೆ ಹೇಳಿ ನೋಡಿದಳು. ಸಾವಿತ್ರಮ್ಮ ರಾಗಿ ಕೇರುತ್ತಿದ್ದ ಮೊರ ನಿಲ್ಲಿಸದೆ ಕೇಳಿಸಿಕೊಂಡರು.

"ಹುಳ ಯಾವಾಗ ಕಪ್ಪಾದ್ರೆ ನಂಗೇನೇ? ನಿಮ್ಮಪ್ಪನ ಮಾತು ಊರಲ್ಲಿ ಒಂದ್ಸಲ ಬಿದ್ದೋದ್ರೆ ಎತ್ತಿ ನಿಲ್ಸೋರ್ಯಾರು? ಬರೋ ಶುಕ್ರವಾರ ಹಳೇಬೀಡಿನೋರು ಬತ್ತಾರೆ. ಅಲ್ಲೀಗಂಟ ಬಾಯ್ಗೆ ಬೀಗ ಹಾಕ್ಕೊಂಡಿರು."

"ಗಿಡ್ಡಕ್ಕನ ಗತಿ?"

"ಓಲೆ ನಂದು ಕಣೇ ಹೋಗಿರೋದು," ಎಂದರು ಸಾವಿತ್ರಮ್ಮ. ಆಮೇಲೆ ದನಿ ತಗ್ಗಿಸಿ, ಗಿಡ್ಡಮ್ಮ ಅಂಥವಳಲ್ಲ ಅಂತ ತಮಗೂ ಅನ್ನಿಸುತ್ತದೆ, ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಅನ್ನುವುದು ಹೇಗೆ ಎಂದರು. ಕಂಡದ್ದು ಚಳಿಯನ್ನು ಎಂದು ಕಮಲಾಕ್ಷಿ ಎಷ್ಟು ಹೇಳಿದರೂ ಮೊರದ ಸದ್ದೇ ಗೆದ್ದಿತು.

ಸೋಮವಾರ ನಸುಕಿನಲ್ಲಿ ಜಗಲಿಯ ಮೇಲೆ ಜಮಖಾನ ಹಾಸಿತ್ತು. ಊರಿನ ಹಿರಿಯರು ಕರೀ ಕಂಬಳಿ ಹೊದ್ದು ಬಂದು ಕೂತರು. ಗಿಡ್ಡಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು, ಕೈಯಲ್ಲಿ ಏನೂ ಇರಲಿಲ್ಲ. ಜವರಯ್ಯನೂ ಕರಿಯಪ್ಪನೂ ಅಂಗಳದಲ್ಲಿದ್ದರು. ಗೌಡರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಮಲಾಕ್ಷಿ ಕುಕ್ಕೆ ಹಿಡಿದುಕೊಂಡು ಹೊಸ್ತಿಲು ದಾಟಿ ಜಗಲಿಗೆ ಬಂದಳು. ಕೊಂಬೆಯನ್ನು ಕಂಬಕ್ಕೆ ಒರಗಿಸಿ, ಮಾಗಿದ ಹುಣಸೆಯಂತೆ ಮುದುಡಿಕೊಂಡಿದ್ದ ತಾತ ಕಣ್ಣು ಬಿಡುವವರೆಗೆ ಕಾದು, ತಿರುಗಿ ನಿಂತಳು.

"ಅಪ್ಪಯ್ಯ, ಇವತ್ತು ಮೊದ್ಲು ನೀವು ನಿಂತ್ಕೊಳ್ಳಿ."

ಗೌಡರ ಮುಖ ಕೆಂಪಾಯಿತು. ಒಳಗೆ ಹೋಗು ಎಂದು ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕಂಬಳಿಯೊಳಗಿಂದ ಒಬ್ಬ ಮುದುಕರು ಕೆಮ್ಮಿ, "ನಿಂತ್ಕೊಳ್ಳಿ ಗೌಡ್ರೆ, ಶುಕ್ರವಾರ ನೀವೂ ಬಚ್ಚಲ್ಗೆ ಹೋಗಿದ್ರೇನೋ," ಎಂದರು. ಎರಡು ಮೂರು ಕಂಬಳಿಗಳು ನಗುವಿನಲ್ಲಿ ಅಲುಗಿದವು. ಇನ್ನು ನಿಲ್ಲದಿದ್ದರೆ ನಗೆಪಾಟಲು. ಗೌಡರು ಶಲ್ಯ ಸರಿಮಾಡಿಕೊಂಡು ಎದ್ದು, ಮಗುವಿನ ಮಾತಿಗೆ ಮಣಿದವರ ಹಾಗೆ ಗೋಸುಂಬೆಯ ಮುಂದೆ ನಿಂತರು. ತಾತ ಅವರನ್ನು ಒಂದು ಕಣ್ಣಿನಲ್ಲಿ ಅಳೆದು ಮಡಕೆಯ ತಳದಷ್ಟು ಕಪ್ಪಾಯಿತು.

ಈಗ ಯಾರೂ ನಗಲಿಲ್ಲ. ಕೆಲವರು ಜಮಖಾನದ ಅಂಚು ನೋಡತೊಡಗಿದರು.

"ಅದು ನಿಮ್ಮನ್ನ ಕಳ್ಳ ಅಂತಿಲ್ಲ ಅಪ್ಪಯ್ಯ," ಎಂದಳು ಕಮಲಾಕ್ಷಿ. "ಚಳಿ ಅಂತಿದೆ. ಅಷ್ಟೇ."

ಆಮೇಲೆ ಮಾತು ತಾನಾಗಿ ಬಂತು. ಕರೀ ಕಂಬಳಿಯನ್ನೂ ಬಿಳಿ ಪಂಚೆಯನ್ನೂ ಬಿಸಿಲಿಗೆ ಹರವಿದರೆ ಯಾವುದು ಮೊದಲು ಕಾಯುತ್ತದೆಂದು ಕೇಳಿದಳು. ಕಂಬಳಿ ಎಂದು ಒಬ್ಬರು ಒಪ್ಪಿಕೊಂಡರು. ತಾತನೂ ಬೆಳಿಗ್ಗೆ ಕಂಬಳಿ ಹೊದೆಯುತ್ತದೆ, ಮೈ ಕಾದಮೇಲೆ ತೆಗೆದಿಡುತ್ತದೆ, ಅದಕ್ಕೆ ಮನುಷ್ಯರ ಕಳವು ಕಟ್ಟಿಕೊಂಡು ಏನಾಗಬೇಕು ಎಂದಳು. ಅಷ್ಟರಲ್ಲಿ ತೆಂಗಿನ ಸಾಲಿನ ಮೇಲೆ ಸೂರ್ಯ ಬಂದ. ತಾತ ಹೊರಳಿ ಪಕ್ಕೆಯೊಡ್ಡಿತು. ಸ್ವಲ್ಪ ಹೊತ್ತು ಬಿಟ್ಟು ಅವಳು ಎಲ್ಲರನ್ನೂ ಎರಡೂ ಕಡೆಯಿಂದ ಬಗ್ಗಿ ನೋಡಲು ಕರೆದಳು. ಬಿಸಿಲಿಗೆ ಒಡ್ಡಿದ ಪಕ್ಕೆ ಕಪ್ಪು. ಗೋಡೆಯ ಕಡೆಗಿದ್ದ ಪಕ್ಕೆ ಬೂದು.

"ಈಗ ಹೇಳಿ. ಮೂಡಲ ಕಡೆ ನಿಂತೋರೆಲ್ಲ ಕಳ್ಳರು, ಪಡುವಲ ಕಡೆ ನಿಂತೋರೆಲ್ಲ ಸಾಚಾನಾ?"

ಮೂಡಲ ಕಡೆ ನಿಂತಿದ್ದ ಇಬ್ಬರು ತಮಗೇ ಗೊತ್ತಿಲ್ಲದೆ ಪಕ್ಕಕ್ಕೆ ಸರಿದರು. ಈ ಸಲ ಗೌಡರೂ ಮೀಸೆಯಡಿ ನಕ್ಕರು. ತಮ್ಮನ್ನು ಕಳ್ಳನಲ್ಲ ಎಂದ ಮಗಳ ಮೇಲೆ ಅವರಿಗೆ ಸಿಟ್ಟು ಉಳಿಯುವುದು ಕಷ್ಟವಾಗಿತ್ತು. ರೈಲಿನ ಸದ್ದಾಯಿತು, ಕಪ್ಪು ಕಳೆಯಿತು. ಯಾರೂ ಎದ್ದು ಹೋಗಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ತಾತ ಹಸಿರಾಗಿ, ಜಗಲಿಯ ಅಂಚಿನಲ್ಲಿದ್ದ ಒಂದು ನೊಣವನ್ನು ನಾಲಿಗೆ ಚಾಚಿ ಹಿಡಿಯಿತು. ಹಿರಿಯರು ಮಕ್ಕಳಂತೆ ಬೆರಗಾಗಿ ನೋಡಿದರು.

ಕೆಮ್ಮಿದ್ದ ಮುದುಕರೇ ತೀರ್ಮಾನ ಹೇಳಿದರು. ಶನಿವಾರ ಹೊತ್ತು ತಪ್ಪಿತ್ತು ಎಂದರು. ಗೋಸುಂಬೆಯ ಸಾಕ್ಷಿಯನ್ನು ಮೈ ಕಾದ ಮೇಲೆ ಕೇಳಬೇಕಾಗಿತ್ತು. ಚಳಿಯಲ್ಲಿ ಕೇಳಿದ್ದು ನಮ್ಮದೇ ತಪ್ಪು. ಈಗ ಹದವಾಗಿದೆ. ಮೂವರನ್ನೂ ಈಗಲೇ, ಒಬ್ಬರಾದ ಮೇಲೊಬ್ಬರನ್ನು ನಿಲ್ಲಿಸಿದರೆ ನಿಜ ಹೊರಬೀಳುತ್ತದೆ. ಹೌದು ಹೌದು ಎಂದು ಕಂಬಳಿಗಳು ತಲೆದೂಗಿದವು. ಗೌಡರ ಮುಖದಲ್ಲಿ ನೆಮ್ಮದಿ ಕಾಣಿಸಿತು. ಇನ್ನು ಮುಂದೆ ಹೊತ್ತು ನೋಡಿ ಹೇಳುವುದಕ್ಕೆ ನಮ್ಮ ಕಮಲಿ ಇದ್ದಾಳೆ, ಓದಿಸಿದ್ದು ದಂಡವಾಗಲಿಲ್ಲ ಎಂದರು.

ಕಮಲಾಕ್ಷಿಗೆ ಒಂದು ಕ್ಷಣ ಹಿತವಾಯಿತು. ಅದು ಸುಳ್ಳಲ್ಲ. ಜಗಲಿಯ ಮೇಲೆ ಅವಳ ಮಾತನ್ನು ಇಷ್ಟು ಜನ ಕೇಳಿದ್ದು ಅದೇ ಮೊದಲು. ಹಸಿರು ತಾತ, ಕಾದ ಬಿಸಿಲು, ಇನ್ನು ಗಿಡ್ಡಮ್ಮ ಬಂದು ನಿಂತರೆ ಮುಗಿಯಿತು. ಅವಳು ಕೈಬೀಸಿ ಕರೆದಳು.

"ಬಾ ಗಿಡ್ಡಕ್ಕ. ಈಗ ಹೆದ್ರಬೇಡ, ನಿಂತ್ಕೊ."

ಗಿಡ್ಡಮ್ಮ ಮೆಟ್ಟಿಲ ಕೆಳಗಿಂದ ಕದಲಲಿಲ್ಲ.

"ನಾ ನಿಲ್ಲಕ್ಕಿಲ್ಲ."

ಹುಳ ಹಸಿರಾಗಿದೆ, ನಿನಗೇ ಒಳ್ಳೆಯದು ಎಂದು ಯಾರೋ ಹೇಳಿದರು. ಹೆದರಿದ್ದಾಳೆ ಎಂದು ಇನ್ನೊಬ್ಬರು ಅಂದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ದಿನಾ ಕೊಟ್ಟಿಗೆಗೆ ಇಳಿಯುವ ಮುಂಚೆ ಹಾಗೆಯೇ ಸಿಕ್ಕಿಸುತ್ತಿದ್ದಳು.

"ಶನಿವಾರ ಹುಳ ಕಪ್ಪಾಯ್ತು, ಕಳ್ಳಿ ಅಂದ್ರಿ. ಇವತ್ತು ಹಸ್ರಾಗೈತೆ, ಬಂದು ಸಾಚಾ ಆಗು ಅಂತೀರಿ. ಹದಿನಾಕು ವರ್ಸ ನಿಮ್ಮ ಕೊಟ್ಗೆ ಬಾಚೀನಿ ಗೌಡ್ರೆ. ಆ ಹುಳ ಬಂದು ವರ್ಸ ತುಂಬಿಲ್ಲ. ನಾ ತೆಗ್ದಿಲ್ಲ ಅಂತ ನನ್ ಬಾಯಾಗೆ ನಾ ಹೇಳ್ದೆ. ಅದನ್ನ ಕೇಳಾಕೆ ಯಾವ ಹೊತ್ತಾಗ್ಬೇಕು?"

ಆಮೇಲೆ ಅವಳು ಕಮಲಾಕ್ಷಿಯ ಕಡೆ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮರೆತ ವಸ್ತು ಎಲ್ಲಿದೆ ಎಂದು ಕೇಳುವವರಂತೆ ಕೇಳಿದಳು.

"ಕಮಲವ್ವ, ಅದು ಚಳಿಗೆ ಕರ್ರಗಾಗೋದು ನಿಂಗೆ ಶನಿವಾರಾನೇ ಗೊತ್ತಿತ್ತಲ್ವಾ?"

"ಗೊತ್ತಿತ್ತು," ಎಂದಳು ಕಮಲಾಕ್ಷಿ.

"ಬಾಯಿ ಇತ್ತಲ್ಲವ್ವ."

ಕಮಲಾಕ್ಷಿ ಎರಡು ರಾತ್ರಿ ಕೂತು ಹೊಂದಿಸಿಕೊಂಡಿದ್ದ ಕಂಬಳಿಯ ಲೆಕ್ಕ, ಪಕ್ಕೆಯ ಲೆಕ್ಕ, ಯಾವುದೂ ಆ ಮಾತಿನ ಮುಂದೆ ನಿಲ್ಲುವಂತಿರಲಿಲ್ಲ. ತಾನು ಬಿಡಿಸಿದ್ದು ಹುಳವನ್ನೇ ಹೊರತು ಈ ಹೆಂಗಸನ್ನಲ್ಲ. ಅವಳನ್ನು ಮತ್ತೆ ಅದೇ ಕಂಬದ ಮುಂದೆ ನಿಲ್ಲು ಎಂದು ಕರೆದ ಕೈ ತನ್ನದೇ.

ಊರು ಬಿಟ್ಟು ತಾನೇನೂ ಹೋಗುವುದಿಲ್ಲ ಎಂದಳು ಗಿಡ್ಡಮ್ಮ. ಗುಡಿಸಲು ಅವಳ ಅಪ್ಪ ಕಟ್ಟಿದ್ದು, ಅದರಲ್ಲೇ ಇರುತ್ತಾಳೆ. ಕರೆಯುವವರು ಕರೆಯಲಿ, ಬಿಡುವವರು ಬಿಡಲಿ. ಬಾಣಾವರದಲ್ಲಿ ಮನೆಗಳಿಲ್ಲವೇ, ಒಂದು ಮೈಲಿ ನಡೆದರೆ ಕಾಲೇನೂ ಸವೆಯುವುದಿಲ್ಲ. "ನಿಮ್ ಕೊಟ್ಗೆಗೆ ಮಾತ್ರ ಇನ್ನು ಬರಕ್ಕಿಲ್ಲ," ಎಂದು ಹೇಳಿ, ಯಾರ ಅಪ್ಪಣೆಗೂ ಕಾಯದೆ, ಬೀದಿಯ ನಟ್ಟನಡುವೆ ಹೊರಟುಹೋದಳು. ಅವಸರ ಮಾಡಲಿಲ್ಲ. ಹಿಂದಿರುಗಿ ನೋಡಲೂ ಇಲ್ಲ.

ಜಗಲಿಯಲ್ಲಿ ಸ್ವಲ್ಪ ಹೊತ್ತು ಗಲಿಬಿಲಿಯಾಯಿತು. ನಿಲ್ಲದೆ ಹೋದದ್ದೇ ಕಳ್ಳಿ ಅನ್ನುವುದಕ್ಕೆ ಸಾಕ್ಷಿ ಎಂದು ಒಬ್ಬರು ಅಂದರೆ, ಹುಳ ಹಸಿರಾಗಿತ್ತಲ್ಲ ಎಂದು ಇನ್ನೊಬ್ಬರು. ಗೌಡರು ಜಗಲಿಯ ಮೇಲೆ ಕೈತಟ್ಟಿ, ಉಳಿದಿಬ್ಬರನ್ನಾದರೂ ನೋಡಿಬಿಡೋಣ ಎಂದರು.

"ಜವರಯ್ಯ, ಬಾರ್ಲಾ. ನಿಲ್ಲು."

ಈ ಉಪಾಯ ಹೇಳಿಕೊಟ್ಟಿದ್ದ ಜವರಯ್ಯನ ಮುಖ ತಾತನಿಗಿಂತ ಬೇಗ ಬಣ್ಣ ಬದಲಿಸಿತು. ತನ್ನ ಮುತ್ತಾತನ ಗಂಟೆಯ ಮೇಲೆ ಅವನಿಗೇ ಈಗ ನಂಬಿಕೆ ಸಾಲುತ್ತಿರಲಿಲ್ಲ. ಮೋಡ ಬಂದುಬಿಟ್ಟರೆ ಎಂದು ಆಕಾಶ ನೋಡಿದ. ಒಂದು ಹೆಜ್ಜೆ ಇಟ್ಟ.

ಕಮಲಾಕ್ಷಿ ಈ ಸಲ ಕಾಯಲಿಲ್ಲ. ಕೊಂಬೆಯನ್ನು ಕಂಬದಿಂದ ಎತ್ತಿಕೊಂಡಳು.

"ನಿಲ್ಲಬೇಡ ಜವರಯ್ಯ. ಇದನ್ನ ಇನ್ನು ಯಾರ ಮುಂದೂ ಇಡಲ್ಲ ನಾನು."

"ಕಮಲ, ಕೆಳಗಿಡು ಅದನ್ನ," ಎಂದರು ಗೌಡರು.

"ಗಿಡ್ಡಕ್ಕ ತೆಗ್ದಿಲ್ಲ ಅಂದಿದ್ದಾಳೆ. ಜವರಯ್ಯ ತೆಗ್ದಿಲ್ಲ ಅಂದಿದ್ದಾನೆ. ಕರಿಯಪ್ಪನೂ ಅಂದಿದ್ದಾನೆ. ನಾನು ನಂಬ್ತೀನಿ."

"ಏನು ಸಾಕ್ಷಿ ಇಟ್ಕೊಂಡು?"

"ಸಾಕ್ಷಿ ಇಲ್ಲ ಅಪ್ಪಯ್ಯ. ನಂಬ್ತೀನಿ, ಅಷ್ಟೇ. ಶನಿವಾರ ಹೇಳ್ಬೇಕಿತ್ತು. ಹೇಳಲಿಲ್ಲ."

ಗೌಡರು ಎದ್ದು ನಿಂತರು. ಒಳಗಿಂದ ಸಾವಿತ್ರಮ್ಮನ ಬಳೆಯ ಸದ್ದು ಬಾಗಿಲವರೆಗೆ ಬಂದು ನಿಂತಿತು. ಶುಕ್ರವಾರ ಬರುವವರಿಗೆ ಈ ರಂಪದ ಸುದ್ದಿ ಮುಟ್ಟದೆ ಇರುತ್ತದೆಯೇ, ಹಳೇಬೀಡಿನವರಿಗೆ ಏನು ಹೇಳಲಿ ಎಂದು ಗೌಡರು ಕೇಳಿದರು. ದೊಡ್ಡ ದನಿಯಲ್ಲಿ ಕೇಳಬೇಕೆಂದಿದ್ದರು; ಜನರ ಮುಂದೆ ಅದು ಅರ್ಧಕ್ಕೇ ಇಳಿದುಹೋಯಿತು.

"ನಡೆದದ್ದನ್ನೇ ಹೇಳಿ," ಎಂದಳು ಕಮಲಾಕ್ಷಿ.

ಒಳಗೆ ನಡಿ ಎಂದರು. ಅವಳು ಒಳಗೆ ಹೋಗಲಿಲ್ಲ. ಹೊಸ್ತಿಲಿಗೂ ಜಮಖಾನಕ್ಕೂ ನಡುವೆ ಒಂದು ಗಳಿಗೆ ನಿಂತಿದ್ದು, ಆಮೇಲೆ ಹೋಗಿ, ಬಿಸಿಲು ಚೆನ್ನಾಗಿ ಬಿದ್ದಿದ್ದ ಕಡೆ, ಹಿರಿಯರು ಕೂರುವ ಜಮಖಾನದ ನಟ್ಟನಡುವೆ ಕಾಲು ಮಡಿಸಿ ಕೂತಳು. ಕೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಮನೆ ಕಟ್ಟಿದ ಮೇಲೆ ಆ ಜಾಗದಲ್ಲಿ ಹೆಣ್ಣೊಬ್ಬಳು ಕೂತದ್ದನ್ನು ಅಲ್ಲಿದ್ದವರಾರೂ ಕಂಡಿರಲಿಲ್ಲ. ಅವಳ ಪಕ್ಕದಲ್ಲಿದ್ದ ಮುದುಕರು ಮೊದಲು ಸರಿದರು, ಆಮೇಲೆ ಎದ್ದರು. ಮಿಕ್ಕವರೂ ಎದ್ದರು. ಎದ್ದಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಎಲ್ಲರೂ ಕಂಬಳಿ ಕೊಡವಿಕೊಳ್ಳುತ್ತ ಅಂಗಳದಲ್ಲಿ ನಿಂತರು.